ಹಂಚಿನಲ್ಲಿ 1865 ಎಂದಿದ್ದರೆ ಅದು 1865ರ ಹಂಚೇ?

ಪ್ರಶ್ನೆ: ಉಡುಪಿ ಹತ್ತಿರ ನಮ್ಮ ಅಜ್ಜನ ಮನೆಯ ಮಾಡು ಬಿಚ್ಚಿಸುತ್ತಿದ್ದೇವೆ. ಕೆಲವು ಹಂಚಿನಲ್ಲಿ ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್ 1865’ ಎಂದಿದೆ, ಕೆಲವದರಲ್ಲಿ ‘ಕಾಮನ್‌ವೆಲ್ತ್ ಟ್ರಸ್ಟ್’ ಎಂದಿದೆ. ಮನೆ ಕಟ್ಟಿದ್ದು 1930ರ ಸುಮಾರಿಗೆ. ಇವು ಬೇರೆ ಬೇರೆ ಕಾರ್ಖಾನೆಯವಾ? ನಿಜಕ್ಕೂ ಅಷ್ಟು ಹಳೆಯವಾ?

ಉತ್ತರ: 1865 ಅನ್ನುವುದು ನಿಮ್ಮ ಹಂಚು ಸುಟ್ಟ ವರ್ಷ ಅಲ್ಲ, ಕಾರ್ಖಾನೆ ಶುರುವಾದ ವರ್ಷ. ಆಮೇಲೂ ಅದೇ ಇಸವಿ ಒತ್ತುತ್ತಾ ಬಂದರು. ಎರಡು ಹೆಸರು ಇದ್ದರೂ ಕಾರ್ಖಾನೆಗಳ ಮೂಲ ಒಂದೇ. ಬದಲಾದದ್ದು ಮಾಲೀಕರು.

ಬಾಸೆಲ್ ಮಿಶನ್ ಎಂಬ ಯುರೋಪಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಊರಲ್ಲಿ ಕೆಲಸ ಸಿಗುವುದು ಕಷ್ಟವಾಗುತ್ತಿತ್ತು. ಅವರ ಹೊಟ್ಟೆಪಾಡಿಗೆಂದು ಮಿಶನ್ ನೇಯ್ಗೆ, ಅಚ್ಚುಕೂಟ ನಡೆಸಿತು. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನರಿ ನೇತ್ರಾವತಿ ದಡದ ಜೇಡಿಮಣ್ಣು ನೋಡಿ, ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರುವ ಹಂಚು ಅದು. ನಮ್ಮ ಜಡಿಮಳೆಗೆ ಹೇಳಿಮಾಡಿಸಿದ್ದು! ಮುಂದೆ ಕುದ್ರೋಳಿ, ಮಲ್ಪೆ, ಕೇರಳದ ಫೆರೋಕ್‌ನಲ್ಲೂ ಕಾರ್ಖಾನೆಗಳಾದವು.

1914ರಲ್ಲಿ ಮಹಾಯುದ್ಧ ಬಂತು. ಬಾಸೆಲ್ ಊರು ಇರುವುದು ಯುದ್ಧಕ್ಕೆ ಸೇರದ ಸ್ವಿಟ್ಜರ್ಲೆಂಡಿನಲ್ಲಿ. ಆದರೆ ಇಲ್ಲಿದ್ದ ಮಿಶನರಿಗಳಲ್ಲಿ ಜರ್ಮನರೇ ಜಾಸ್ತಿ. ಬ್ರಿಟಿಷ್ ಸರ್ಕಾರ ಅವರನ್ನು ಹಿಡಿದಿಟ್ಟಿತು, ಮಿಶನ್ನಿನ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟ್ ಕಂಪನಿಯ ಕೈಗೆ ಹೋದವು. ಹೆಂಗಸರು, ಗಂಡಸರು ಎರಡು ತಲೆಮಾರು ಮಣ್ಣು ತುಳಿದು ಬೆಳೆಸಿದ ಕಾರ್ಖಾನೆ ಅದು. ಕೈ ಬದಲಾಗುವಾಗ ಅವರನ್ನು ಯಾರು ಕೇಳಿದರು? ನನಗೆ ಈ ಕಥೆಯಲ್ಲಿ ಹೆಚ್ಚು ನೋವು ಕೊಡುವುದು ಇದೇ.

ಹಾಗಾಗಿ ಲೆಕ್ಕ ಸುಲಭ. ಟ್ರಸ್ಟ್ ಹೆಸರಿನ ಹಂಚು ಯುದ್ಧದ ನಂತರದ್ದು, ನಿಮ್ಮ ಮನೆಯ ವಯಸ್ಸಿಗೆ ಸರಿಹೊಂದುತ್ತದೆ. ಮಿಶನ್ ಹೆಸರಿನದ್ದು ಅದಕ್ಕೂ ಮೊದಲಿನದು. ಹಳೇ ಮನೆಯೊಂದರಿಂದ ಇಳಿಸಿ ತಂದು ಹೊದಿಸಿರಬಹುದು, ಆಗ ಅದು ಮಾಮೂಲಿ. ‘1865ರ ಹಂಚು’ ಅಂತ ಯಾರಾದರೂ ಜಾಸ್ತಿ ಬೆಲೆ ಹೇಳಿದರೆ ಸುಮ್ನೆ ನಂಬಬೇಡಿ.

ಬಿಚ್ಚುವಾಗ ಎರಡೂ ಹೆಸರಿನವನ್ನು ಬೇರೆ ಬೇರೆ ಜೋಡಿಸಿಡಿ. ಯಾವ ಕೋಣೆಯ ಮೇಲೆ ಯಾವುದಿತ್ತು ಅಂತ ಬರೆದುಕೊಳ್ಳಿ. ಮನೆಯ ಯಾವ ಭಾಗ ಮೊದಲು, ಯಾವುದು ಆಮೇಲೆ ಅನ್ನುವುದಕ್ಕೆ ಅದರಿಂದಲೇ ಸುಳಿವು ಸಿಗಬಹುದು.