ಯೊಸೆಮಿಟಿಯ ಹಳೇ ಸಮೀಕ್ಷೆ ನಂಬಬಹುದಾ?

ಅಮೆರಿಕದ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಎತ್ತರದ ಸರೋವರಗಳಲ್ಲಿ ನೂರು ವರ್ಷದ ಹಿಂದೆ ಯಾವ್ಯಾವ ಪ್ರಾಣಿಗಳಿದ್ದವು ಅನ್ನೋಕೆ ಗ್ರಿನೆಲ್ ಸಮೀಕ್ಷೆ ನಂಬಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ನಂಬಿ. ಪ್ರಾಣಿವಿಜ್ಞಾನಿ ಜೋಸೆಫ್ ಗ್ರಿನೆಲ್ ಮತ್ತು ಬರ್ಕ್ಲಿಯ ಪ್ರಾಣಿಶಾಸ್ತ್ರ ಮ್ಯೂಸಿಯಂನವರು 1914ರಿಂದ 1920ರವರೆಗೆ ಪೂರ್ವಕ್ಕಿರುವ ಮೋನೋ ಸರೋವರದ ತನಕ ಓಡಾಡಿ, ಎಷ್ಟು ಬೋನಿಟ್ಟೆವು, ಏನು ಬಿತ್ತು ಅಂತ ಅಂದಂದೇ ಬರೆದಿಟ್ಟಿದ್ದಾರೆ. ಅದನ್ನೇ ಹಿಡಿದು 2000ದ ದಶಕದಲ್ಲಿ ಮರುಸಮೀಕ್ಷೆ ಮಾಡಿದಾಗ, 28 ಜಾತಿಯ ಸಣ್ಣ ಸಸ್ತನಿಗಳಲ್ಲಿ ಸುಮಾರು ಅರ್ಧದಷ್ಟರ ನೆಲೆಯ ಎಲ್ಲೆ ಸರಾಸರಿ 500 ಮೀಟರ್ ಮೇಲಕ್ಕೆ ಸರಿದದ್ದು ಗೊತ್ತಾಯ್ತು.

ನನಗೆ ಹೆಚ್ಚು ಕಾಡೋದು ಹಳದಿಕಾಲಿನ ಕಪ್ಪೆ. ಆಗ ಆ ಸರೋವರಗಳ ದಡದಲ್ಲೆಲ್ಲ ಅದೇ. ಟ್ರೌಟ್ ಮೀನು ಬಿಟ್ಟ ಕಡೆ ಗೊದಮೊಟ್ಟೆ ಉಳಿಯಲ್ಲ ಅಂತ ಆ ಸಮೀಕ್ಷೆಯ 1924ರ ಪುಸ್ತಕದಲ್ಲೇ ಬರೆದಿದ್ದಾರೆ. ಮೀನು ಬಿಡೋದು ಮಾತ್ರ ಆಮೇಲೂ ದಶಕಗಟ್ಟಲೆ ನಡೀತು!

ಒಂದು ಎಚ್ಚರ: ಪಟ್ಟಿಯಲ್ಲಿಲ್ಲದ್ದು ಅಲ್ಲಿರಲೇ ಇಲ್ಲ ಅಂದ್ಕೋಬೇಡಿ, ಬಾವಲಿಯಂಥವು ಬೋನಿಗೆ ಬೀಳಲ್ಲವಲ್ಲ.