ಲಿನಕ್ಸ್‌ನಲ್ಲಿ ತೆರೆಯುವ ಫೈಲ್ ವಿಳಾಸ ವಿಂಡೋಸ್‌ನಲ್ಲಿ ತೆರೆಯದಿರುವ ಬಗ್ಗೆ

ಒಂದೇ ಪೈಥಾನ್ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಫೈಲ್ ವಿಳಾಸವನ್ನು (ಫೈಲ್:/// ಎಂದು ಆರಂಭವಾಗುವ ಯುಆರ್‌ಎಲ್) ತೆರೆದು ವಿಂಡೋಸ್‌ನಲ್ಲಿ ‘ಫೈಲ್ ಸಿಗಲಿಲ್ಲ’ ಎನ್ನುವುದಕ್ಕೆ, ನಿಮ್ಮ ಕೋಡ್ ನೋಡದೆ ಹೇಳುವುದಾದರೆ, ವಿಳಾಸವನ್ನು ಭಾಗಗಳಾಗಿ ಒಡೆಯುವ ಫಂಕ್ಷನ್ ಯುಆರ್‌ಎಲ್‌ಪಾರ್ಸ್ (urlparse) ಕೊಡುವ ಪಾಥ್ ಭಾಗವನ್ನು (ಫೈಲ್ ಇರುವ ದಾರಿಯನ್ನು) ನೇರವಾಗಿ ಬಳಸಿರುವುದೇ ಬಹುಶಃ ಕಾರಣ. ಫೈಲ್:/// ಎಂಬುದರ ಮೂರನೆಯ ಓರೆಗೆರೆ ಪಾಥ್‌ಗೇ ಸೇರಿದ್ದು. ಲಿನಕ್ಸ್‌ನಲ್ಲಿ ಅದೇ ಮೂಲ ಫೋಲ್ಡರ್, ವಿಂಡೋಸ್‌ನಲ್ಲಾದರೋ ಡ್ರೈವ್ ಅಕ್ಷರದ ಮುಂದೆ ಅನಗತ್ಯವಾಗಿ ಉಳಿದುಬಿಡುತ್ತದೆ. ಅದನ್ನು ಕೈಯಿಂದ ಕತ್ತರಿಸಲು ಹೋಗಬೇಡಿ, ಲಿನಕ್ಸ್‌ನಲ್ಲಿ ಕೆಡುತ್ತದೆ. ಮೊದಲು ವಿಳಾಸವನ್ನು ಭಾಗಗಳಾಗಿ ಒಡೆದು, ಬಳಿಕ ಪಾಥ್ ಭಾಗವನ್ನಷ್ಟೇ ಯುಆರ್‌ಎಲ್2ಪಾಥ್‌ನೇಮ್‌ಗೆ (url2pathname, ಅದನ್ನು ಆಯಾ ವ್ಯವಸ್ಥೆಯ ಫೈಲ್ ಪಾಥ್ ಆಗಿ ಪರಿವರ್ತಿಸುವ ಫಂಕ್ಷನ್) ಕೊಡಿ. ಶೇಕಡಾ ಚಿಹ್ನೆಯ ಸಂಕೇತಗಳನ್ನೂ (ಖಾಲಿ ಜಾಗಕ್ಕೆ %20 ಎಂಬಂಥವು) ಅದೇ ಬಿಡಿಸುವುದರಿಂದ, ಅವನ್ನು ಬಿಡಿಸುವ ಅನ್‌ಕೋಟ್ (unquote) ಫಂಕ್ಷನ್ ಅನ್ನು ಮತ್ತೊಮ್ಮೆ ಬಳಸಿದರೆ ಹೆಸರಿನಲ್ಲೇ % ಇರುವ ಫೈಲ್ ಕೈತಪ್ಪಬಹುದು. ಪೈಥಾನ್ 3.13 ಅಥವಾ ನಂತರದ್ದು ಇದ್ದರೆ, ಫೈಲ್ ವಿಳಾಸವನ್ನು ನೇರವಾಗಿ ಪಾಥ್ ಮಾಡಿಕೊಡುವ ಪಾಥ್.ಫ್ರಮ್_ಯುಆರ್‌ಐ (Path.from_uri) ಸಾಕು. ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರ್‌ನ ವಿಳಾಸವಾದರೆ ಸರ್ವರ್ ಹೆಸರು, ಯುಆರ್‌ಎಲ್‌ಪಾರ್ಸ್ ಕೊಡುವ ಇನ್ನೊಂದು ಭಾಗವಾದ ನೆಟ್‌ಲಾಕ್‌ನಲ್ಲಿ (netloc) ಪ್ರತ್ಯೇಕವಾಗಿರುತ್ತದೆ. ವಿಂಡೋಸ್‌ನಲ್ಲಿ ಅದನ್ನು ಎರಡು ಓರೆಗೆರೆಗಳೊಡನೆ ಪಾಥ್‌ನ ಮುಂದೆ ಸೇರಿಸಿಯೇ ಪರಿವರ್ತಿಸಿ.