ಇನ್ಸುಲಿನ್ ಇದೆ, ಮಾತು ನಡೆಯುತ್ತಿಲ್ಲ!

ಪ್ರಶ್ನೆ: ನನಗೆ 52 ವರ್ಷ, ಆಲೆಮನೆ ನಡೆಸುತ್ತೇನೆ. ಖಾಲಿ ಹೊಟ್ಟೆಯ ಶುಗರ್ 152 ಬಂತು. ‘ಮೈಯಲ್ಲಿ ಇನ್ಸುಲಿನ್ ಇದೆ, ಆದರೆ ಕೆಲಸ ಮಾಡ್ತಿಲ್ಲ. ಹೊಟ್ಟೆ ಕರಗಿಸಿ’ ಎಂದರು ಡಾಕ್ಟರು. ಇದ್ದೂ ಕೆಲಸ ಮಾಡಲ್ಲ ಅಂದರೆ ಹೇಗೆ? ಹೊಟ್ಟೆಗೂ ಅದಕ್ಕೂ ಏನು ಸಂಬಂಧ? ಸಕ್ಕರೆ ಬಿಟ್ಟು ಬೆಲ್ಲ ತಿನ್ನುತ್ತಿದ್ದೇನೆ, ಸರಿ ತಾನೇ?
– ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ನೀವು ನಾಲೆ ಬಯಲಿನವರು, ಅದರಿಂದಲೇ ಶುರು ಮಾಡುತ್ತೇನೆ. ಕನ್ನಂಬಾಡಿಯಿಂದ ನೀರು ಬಿಡಿ ಅಂತ ಆದೇಶ ಆದರೆ ಸಾಕೇ? ಅದು ಒಬ್ಬರಿಂದ ಒಬ್ಬರಿಗೆ ದಾಟಿ, ಕೊನೆಗೆ ನೀರುಗಂಟಿ ತೂಬು ಎತ್ತಿದರೆ ತಾನೇ ನಿಮ್ಮ ಗದ್ದೆಗೆ ನೀರು? ನಡುವೆ ಒಬ್ಬ ಸುಮ್ನೆ ಕೂತರೂ ಮುಗೀತು.

ಇನ್ಸುಲಿನ್ ಅಂದರೆ ಬರೀ ಆದೇಶ. ಕೋಶದ ಹೊರಗೋಡೆಯಲ್ಲಿ ಅದನ್ನು ಹಿಡಿದುಕೊಳ್ಳುವ ಪ್ರೋಟೀನ್ ಇದೆ, ಗ್ರಾಹಕ (ರಿಸೆಪ್ಟರ್) ಅಂತ; ಅದಕ್ಕೆ ಇನ್ಸುಲಿನ್ ಅಂಟಿಕೊಳ್ಳುತ್ತದೆ. ಒಳಗೆ ಸುದ್ದಿ ದಾಟಿಸುವುದು ಬೇರೆ ಪ್ರೋಟೀನುಗಳು: ಮೊದಲು ಐಆರ್‌ಎಸ್-1, ಆಮೇಲೆ ಪಿಐ3-ಕೈನೇಸ್, ಅದರಿಂದ ಆಕ್ಟ್. ಕೊನೆಯಲ್ಲಿ ಗ್ಲೂಟ್-4 ಎಂಬ ಬಾಗಿಲು. ನಿಮ್ಮ ತೂಬು ಇದ್ದಲ್ಲೇ ಇರುತ್ತದೆ, ಅಲ್ವಾ? ಈ ಬಾಗಿಲುಗಳು ಕೋಶದ ಒಳಗೆ ಸಣ್ಣ ಸಣ್ಣ ಚೀಲಗಳಲ್ಲಿರುತ್ತವೆ. ಸುದ್ದಿ ಮುಟ್ಟಿದ ಮೇಲೆ ಗೋಡೆಗೆ ಬಂದು ಕೂರುತ್ತವೆ. ಆಗ ಸಕ್ಕರೆ ಒಳಗೆ. ಮೂವತ್ತು ವರ್ಷ ಮೈಸೂರಿನಲ್ಲಿ ಇದನ್ನೇ ಪಾಠ ಮಾಡಿದವಳು ನಾನು. ಈ ಜಾಗ ಬಂದಾಗಲೆಲ್ಲ ಸೀಮೆಸುಣ್ಣ ಕೆಳಗಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದೆ.

ಈಗ ಹೊಟ್ಟೆಗೆ ಬರೋಣ. ಮೈಕ್ರೋಸ್ಕೋಪಿನಲ್ಲಿ ಕೊಬ್ಬಿನ ಕೋಶ ಹರಳುಂಗುರದ ಹಾಗೆ ಕಾಣುತ್ತದೆ. ನಡುವೆ ದೊಡ್ಡ ಎಣ್ಣೆ ಹನಿ, ಕೋಶಕೇಂದ್ರ ಒಂದು ಅಂಚಿಗೆ ಒತ್ತಿಕೊಂಡಿರುತ್ತದೆ. ಹನಿ ಊದಿ ಊದಿ ಜಾಸ್ತಿಯಾದರೆ ಅಲ್ಲಿ ಉರಿಯೂತ ಶುರು. ಟಿಎನ್‌ಎಫ್-ಆಲ್ಫಾ ಎಂಬ ಇನ್ನೊಂದು ಸುದ್ದಿಗಾರ ಪ್ರೋಟೀನ್ ಹೆಚ್ಚುತ್ತದೆ. ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಇದನ್ನು ಕಂಡದ್ದು 1993ರಲ್ಲಿ. ಐಆರ್‌ಎಸ್-1ರಲ್ಲಿ ಟೈರೋಸಿನ್ ಎಂಬ ಜಾಗದ ಮೇಲೆ ಫಾಸ್ಫೇಟ್ ಎಂಬ ಸಣ್ಣ ಗುರುತು ಅಂಟಿದರೆ ಸುದ್ದಿ ಮುಂದೆ ಹೋಗುತ್ತದೆ. ಟಿಎನ್‌ಎಫ್ ಬಂದರೆ ಆ ಗುರುತು ಸೆರಿನ್ ಎಂಬ ಬೇರೆ ಜಾಗದ ಮೇಲೆ ಅಂಟುತ್ತದೆ. ಆದೇಶ ಅಲ್ಲೇ ನಿಂತಿತು.

ಊಟದ ಸಕ್ಕರೆಯಲ್ಲಿ ಕೊಬ್ಬಿನ ಕೋಶಕ್ಕೆ ಹೋಗುವ ಪಾಲು ಕಮ್ಮಿ, ಜಾಸ್ತಿ ಹೋಗುವುದು ಸ್ನಾಯುವಿಗೆ. ಹಾಗಾದರೆ ಕೊಬ್ಬಿನ ತಂಟೆ ಏನು? ‘ಕೊಬ್ಬು ಹೊರಗೆ ಬಿಡಬೇಡ’ ಅಂತಲೂ ಇನ್ಸುಲಿನ್ ಹೇಳುತ್ತಿರುತ್ತದೆ. ಕೋಶ ಕಿವುಡಾದರೆ ಕೊಬ್ಬಿನಾಮ್ಲ ರಕ್ತಕ್ಕೆ ಸೋರುತ್ತದೆ, ಲಿವರ್ ಸೇರುತ್ತದೆ. ಅಲ್ಲೂ ಇನ್ಸುಲಿನ್ ಮಾತು ನಡೆಯದೆ, ರಾತ್ರಿಯಿಡೀ ಲಿವರ್ ಸಕ್ಕರೆ ಬಿಡುತ್ತಲೇ ಇರುತ್ತದೆ. ನೀವು ಏನೂ ತಿನ್ನದೆ ಬೆಳಿಗ್ಗೆ 152 ಬರುವುದು ಹೀಗೆ.

ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ. ಜೊತೆಗೆ ನಡೆಯಿರಿ. ನಡೆಯುವಾಗ ಸ್ನಾಯುವಿನ ಗ್ಲೂಟ್-4 ಇನ್ಸುಲಿನ್ನಿಗೆ ಕಾಯದೆ ಬೇರೆ ದಾರಿಯಲ್ಲಿ ಗೋಡೆಗೆ ಬರುತ್ತದೆ. ನಾನು ದಿನಾ ಕುಕ್ಕರಹಳ್ಳಿ ಕೆರೆ ಸುತ್ತುವುದು ಅದಕ್ಕೇ. ಹಕ್ಕಿ ನೋಡೋಕೆ ಅಂತ ಮನೆಯಲ್ಲಿ ಹೇಳಿರುತ್ತೇನೆ.

ಬೆಲ್ಲದ ವಿಷಯ. ನಿಮ್ಮ ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕುವ ಮನಸ್ಸಿಲ್ಲ. ಆದರೆ ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯಲ್ಲಿರುವ ಅದೇ ಸುಕ್ರೋಸ್. ಪಾಕ ಅಚ್ಚಿಗೆ ಸುರಿಯುವಾಗ ರುಚಿ ನೋಡುವ ಕೆಲಸ ಇನ್ನು ಮೇಲೆ ಮನೆಯ ಹುಡುಗರಿಗೆ ಬಿಡಿ.